ಅಂಕೋರಿನ ಖಾಲಿ ಫೋಟೋ

ನಮ್ಮ ಕಡೆ ಕ್ಯಾಮೆರಾ ಎತ್ತಿದರೆ ಸಾಕು, ಯಾರಾದರೂ ಬಂದು ಅದರ ಮುಂದೆ ನಿಲ್ಲುತ್ತಾರೆ. ನನಗಿದು ಹೊಸದಲ್ಲ. ರಾಯಚೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ, ಬಸುರಿಯರ ಕುಬುಸ, ತೊಟ್ಟಿಲು ಎಂದು ಮಂದಿಯ ಮುಖ ತೆಗೆಯುತ್ತಲೇ ತಲೆ ಬೆಳ್ಳಗಾಗಿದೆ. ಒಮ್ಮೆ ನಮ್ಮೂರು ಗಬ್ಬೂರಿಗೆ ಹೋದಾಗ ಹಳೆಯ ಗುಡಿಯ ಕಂಬವೊಂದರ ಫೋಟೋ ತೆಗೆಯೋಣವೆಂದು ಮೊಣಕಾಲೂರಿ ಕುಳಿತೆ. ಎಮ್ಮೆ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ಅದನ್ನು ಅಲ್ಲೇ ಬಿಟ್ಟು ಬಂದರು, ಅಂಗಿಯ ಗುಂಡಿ ಹಾಕಿಕೊಂಡರು, ಕಂಬಕ್ಕೆ ಆತು ನಿಂತರು.

"ಯಜಮಾನ್ರ, ನಾ ಕಂಬದ ಫೋಟೋ ತಗಿಯಾಕತ್ತೀನಿ" ಎಂದೆ.

"ತಗೀರಿ. ನಾ ಎಲ್ಲಿ ಬ್ಯಾಡ ಅಂದೆ" ಎಂದರು. ಕದಲಲಿಲ್ಲ. ಸ್ವಲ್ಪ ಹೊತ್ತಿಗೆ ಎಮ್ಮೆಯೂ ಬಂದು ಪಕ್ಕಕ್ಕೆ ನಿಂತಿತು.

ಹೀಗಾಗಿ ನನಗೊಂದು ಆಸೆ ಬೆಳೆದುಬಿಟ್ಟಿತ್ತು. ಮನುಷ್ಯರೇ ಇಲ್ಲದ ಒಂದು ಫೋಟೋ ತೆಗೆಯಬೇಕು. ಬರೀ ಕಲ್ಲು, ನೀರು, ಆಕಾಶ. ಅದನ್ನು ದೊಡ್ಡದು ಮಾಡಿಸಿ ಸ್ಟುಡಿಯೋದ ಬಾಗಿಲಿಗೆ ಎದುರಾಗಿರುವ ಗೋಡೆಗೆ ಹಾಕಬೇಕು. ಆ ಗೋಡೆಯನ್ನು ಅದಕ್ಕೆಂದೇ ಖಾಲಿ ಬಿಟ್ಟಿದ್ದೆ. ಒಂದು ಕ್ಯಾಲೆಂಡರ್ ಆದರೂ ಹಾಕಿ ಎಂದು ಹೆಂಡತಿ ಹೇಳಿ ಹೇಳಿ ಬಿಟ್ಟಳು.

ಅಷ್ಟರಲ್ಲಿ ಮೂರು ಜನ ಸಾಹುಕಾರರು ಪರದೇಶಕ್ಕೆ ಹೊರಟರು. ಮಾನ್ವಿಯಲ್ಲಿ ಒಬ್ಬರದು, ದೇವದುರ್ಗದಲ್ಲಿ ಒಬ್ಬರದು ಅಕ್ಕಿ ಮಿಲ್ಲು. ಮೂರನೆಯವರು ರಾಯಚೂರಿನಲ್ಲಿ ಮಿಲ್ಲುಗಳ ಬಿಡಿಭಾಗ ಮಾರುವವರು. ವಿಯೆಟ್ನಾಂನಲ್ಲಿ ಹೊಸ ಮಷಿನ್ ನೋಡುವುದು, ಹಾಗೆಯೇ ಪಕ್ಕದ ಕಾಂಬೋಡಿಯಾದ ಅಂಕೋರಿನಲ್ಲಿ ಜಗತ್ತಿಗೇ ದೊಡ್ಡ ಗುಡಿಯಿದೆಯಂತೆ, ಅದನ್ನೂ ನೋಡಿ ಬರುವುದು ಎಂದು ನಿಶ್ಚಯವಾಯಿತು. ಮಾನ್ವಿಯವರ ಜೊತೆ ಅವರ ಹೆಂಡತಿಯೂ ಹೊರಟಿದ್ದರು. ನಾನು ಅವರನ್ನು ಅಕ್ಕಾರು ಎಂದೇ ಕರೆಯುವುದು. ಫೋಟೋಕ್ಕೆ ಒಬ್ಬರು ಬೇಕಲ್ಲ ಎಂದು ನನ್ನನ್ನು ಕರೆದರು. ನನ್ನ ಖರ್ಚು ಅವರದು, ಕೆಲಸ ನನ್ನದು. ಪರದೇಶದಲ್ಲಿ ನನ್ನ ಗುರುತಿನವರು ಯಾರೂ ಇಲ್ಲ, ಅಲ್ಲಿ ಯಾರು ತಾನೇ ಬಂದು ಕ್ಯಾಮೆರಾ ಮುಂದೆ ನಿಲ್ಲುತ್ತಾರೆ ಎಂದು ಖುಷಿಯಿಂದ ಒಪ್ಪಿಕೊಂಡೆ.

೧. ನಗಬ್ಯಾಡ್ರಿ

ವೀಸಾದ ಫೋಟೋ ನನ್ನ ಸ್ಟುಡಿಯೋದಲ್ಲೇ ತೆಗೆದದ್ದು. ಮಾನ್ವಿಯವರ ಮನೆಯ ಎಲ್ಲ ಕಾರ್ಯಗಳಿಗೂ ನಾನೇ ಫೋಟೋಗ್ರಾಫರ್. ಆ ಮನುಷ್ಯ ನಕ್ಕಿದ್ದನ್ನು ನನ್ನ ಕ್ಯಾಮೆರಾ ಕಂಡಿಲ್ಲ. ಮಗಳ ಮದುವೆಯಲ್ಲಿ "ಸಾವ್ಕಾರ್ರ, ಸ್ವಲ್ಪ ನಗ್ರಿ" ಎಂದು ಇಡೀ ದಿನ ಬೇಡಿಕೊಂಡಿದ್ದೇನೆ. ಬೀಗರ ಪಕ್ಕದಲ್ಲಿ ಪಂಚಾಯಿತಿಗೆ ಕೂತವರ ಹಾಗೆ ಕೂತಿದ್ದರು.

ಬಿಳಿ ಪರದೆಯ ಮುಂದೆ ಕೂರಿಸಿ, "ಈ ಫೋಟೋದಾಗ ನಗಬಾರ್ದ್ರಿ ಸಾವ್ಕಾರ್ರ. ರೂಲ್ಸ್ ಅದ" ಎಂದೆ.

"ನಗಬಾರ್ದೇನು?"

"ಇಲ್ರಿ. ಹಲ್ಲು ಕಾಣಬಾರ್ದು."

ಅವರ ಹೊಟ್ಟೆ ಸಣ್ಣಗೆ ಅಲುಗತೊಡಗಿತು. ಮೀಸೆ ಅಲುಗಿತು. ಆಮೇಲೆ ಇಡೀ ಸ್ಟುಡಿಯೋ ಕೇಳುವ ಹಾಗೆ ನಗತೊಡಗಿದರು. ನಾನು ಕ್ಯಾಮೆರಾ ಇಳಿಸಿದೆ. ಸುಧಾರಿಸಿಕೊಂಡು ಕೂರುತ್ತಿದ್ದರು, ನಾನು ಕ್ಯಾಮೆರಾ ಎತ್ತುತ್ತಿದ್ದೆ, ಮತ್ತೆ ಶುರು. "ನಗಬಾರ್ದಂತ, ಕೇಳ್ದೇನು?" ಎಂದು ಹೆಂಡತಿಗೆ ಹೇಳುತ್ತ ಕಣ್ಣೊರೆಸಿಕೊಂಡರು.

ಅಕ್ಕಾರು ಗಂಡನ ರುಮಾಲು, ಕನ್ನಡಕ, ಮೊಬೈಲು, ಬೀಗದ ಕೈ ಎಲ್ಲ ಹಿಡಿದುಕೊಂಡು ಬದಿಗೆ ನಿಂತಿದ್ದರು. "ನಮ್ಮ ಬಾಯ್ಲರ್ ಕೆಟ್ಟಿದ್ದು ನೆನಸ್ಕೋರಿ" ಎಂದರು, ಅಷ್ಟೆ. ಸಾಹುಕಾರರ ಮುಖ ಕೂಡಲೇ ವೀಸಾಕ್ಕೆ ಬೇಕಾದ ಹದಕ್ಕೆ ಬಂತು. ಆ ಕ್ಷಣಕ್ಕೇ ಒತ್ತಿದೆ.

ಆಮೇಲೆ ಅಕ್ಕಾರ ಸರದಿ. ರುಮಾಲು, ಬ್ಯಾಗು ಎಲ್ಲ ಮಡಿಲಲ್ಲಿಟ್ಟುಕೊಂಡೇ ಕೂತರು. "ಅಕ್ಕಾರ, ಅವನ್ನ ಕೆಳಗಿಡ್ರಿ" ಎಂದೆ. "ಬರೋದು ಮುಖ ಅಷ್ಟೇ ಅಲ್ಲೇನ್ರೀ? ಇರ್ಲಿ ಬಿಡ್ರಿ" ಎಂದರು. ಒಂದೇ ಏಟಿಗೆ ಮುಗಿಯಿತು. ಯಾರೂ ಇಷ್ಟು ಬೇಗ ಮುಗಿಸಿದ್ದಿಲ್ಲ.

೨. ನಾಲ್ಕನೆಯವರು

ಅಂಕೋರಿನ ದೊಡ್ಡ ಗುಡಿಯ ಮುಂದೆ ಉದ್ದನೆಯ ಕಲ್ಲುಹಾದಿ. ಹಾದಿಯ ತುದಿಗೆ ಗೋಪುರಗಳು. ಅವನ್ನು ನೋಡಿದ ಕೂಡಲೇ ನನಗೆ ಮಾತು ಬರಲಿಲ್ಲ. ಸಾಹುಕಾರರಿಗೆ ಬಂತು. "ನಿಲ್ರಿ, ಮೊದಲ ಇಲ್ಲೊಂದು ತಗಸ್ಕೊಂಡು ಹೋಗೂನು."

ಮೂವರೂ ಸಾಲಾಗಿ ನಿಂತರು. ನಾನು ಕ್ಯಾಮೆರಾ ಎತ್ತಿದ್ದೇ ತಡ, ದೇವದುರ್ಗದವರು ಚೇಳು ಕಂಡವರ ಹಾಗೆ ಸಾಲಿನಿಂದ ಹೊರಗೆ ಹಾರಿದರು. "ಮೂರು ಮಂದಿ ಆಗ್ತೀವಲ್ರೀ."

ನಮ್ಮ ಕಡೆ ಮೂರು ಮಂದಿ ಒಂದೇ ಫೋಟೋದಲ್ಲಿ ನಿಲ್ಲುವುದಿಲ್ಲ, ಒಬ್ಬರಿಗೆ ಕೆಡುಕಾಗುತ್ತದೆ ಎಂಬ ನಂಬಿಕೆ. ನನ್ನ ಸ್ಟುಡಿಯೋಕ್ಕೆ ಮೂವರು ಗೆಳೆಯರು ಬಂದರೆ ಪಕ್ಕದ ಟೀ ಅಂಗಡಿಯವರನ್ನು ಕರೆದು ನಾಲ್ಕನೆಯವರಾಗಿ ನಿಲ್ಲಿಸುತ್ತೇನೆ. ಅವರ ಫೋಟೋ ರಾಯಚೂರಿನ ಎಷ್ಟು ಮನೆಗಳಲ್ಲಿದೆಯೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

"ಸ್ಟುಡಿಯೋದವ್ರ, ನೀವ ಬರ್ರಿ" ಎಂದರು ರಾಯಚೂರಿನವರು.

"ನಾ ಬಂದ್ರ ತಗಿಯೋರು ಯಾರ್ರೀ?"

ನಾಲ್ವರೂ ಸುತ್ತ ಕಣ್ಣು ಹಾಯಿಸಿದೆವು. ಅಕ್ಕಾರು ಮರದ ನೆರಳಲ್ಲಿ ಬ್ಯಾಗು, ನೀರಿನ ಬಾಟಲಿ, ರೊಟ್ಟಿಯ ಡಬ್ಬಿಗಳ ನಡುವೆ ಕೂತು ನಮ್ಮನ್ನೇ ನೋಡುತ್ತಿದ್ದರು. ಅಂತೂ ಮಾನ್ವಿಯವರಿಗೆ ಒಬ್ಬರು ಸಿಕ್ಕರು. ಹುಲ್ಲಿನ ಟೋಪಿ ಹಾಕಿಕೊಂಡು ಹೊರಟಿದ್ದ ಎತ್ತರದ ಬಿಳಿಯ ಪ್ರವಾಸಿಯೊಬ್ಬರನ್ನು ತೋಳು ಹಿಡಿದು ಕರೆತಂದು ನಡುವೆ ನಿಲ್ಲಿಸಿದರು. ಅವರಿಗೆ ಏನೂ ತಿಳಿಯಲಿಲ್ಲ, ಆದರೆ ಚೆನ್ನಾಗಿ ನಕ್ಕರು. ಫೋಟೋದಲ್ಲಿ ನಗುತ್ತಿರುವವರು ಅವರೊಬ್ಬರೇ.

ಪ್ರವಾಸಿಗಳೆಲ್ಲ ಅಲ್ಲಿ ಒಂದೇ ದಾರಿಯಲ್ಲಿ ಸುತ್ತುತ್ತಾರೆ. ಮುಂದಿನ ಗುಡಿಯಲ್ಲಿ ಮತ್ತೆ ಅದೇ ಟೋಪಿ ಕಂಡಿತು. ಮತ್ತೆ ಹಿಡಿದು ತಂದರು. ಅದರ ಮುಂದಿನ ಗುಡಿಯಲ್ಲಿ, ಬೇರುಗಳು ಗೋಡೆಯನ್ನು ತಬ್ಬಿಕೊಂಡ ಕಡೆ, ನಮ್ಮವರು ನಿಲ್ಲುತ್ತಿದ್ದ ಹಾಗೆಯೇ ಟೋಪಿಯವರು ದೂರದಿಂದ ಕೈಯೆತ್ತಿ, ತಾವಾಗಿಯೇ ಓಡಿ ಬಂದು ತಮ್ಮ ಜಾಗದಲ್ಲಿ ನಿಂತರು. ನಮ್ಮವರು ಅಷ್ಟು ಹೊತ್ತಿಗೆ ಸರಿದು ಜಾಗ ಇಟ್ಟಿದ್ದರು.

ಊರಿಗೆ ಬಂದ ಮೇಲೆ ದೇವದುರ್ಗದವರ ಮನೆಯಲ್ಲಿ ನೆಂಟರೆಲ್ಲ ಕೂಡಿ ಅವರ ಮೊಬೈಲಿನಲ್ಲಿ ಫೋಟೋ ನೋಡಿದರು. ಪ್ರತಿಯೊಂದರಲ್ಲೂ ಆ ಬಿಳಿಯ ಮನುಷ್ಯ, ಸಾಹುಕಾರರ ಹೆಗಲ ಮೇಲೆ ಕೈ. ಇವರು ಯಾರೆಂದರೆ ಹೆಸರು ಗೊತ್ತಿಲ್ಲ ಎಂದರು ಸಾಹುಕಾರರು. ಹೆಸರು ಗೊತ್ತಿಲ್ಲದವರ ಜೊತೆ ಯಾರು ಇಷ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಏನೋ ಮುಚ್ಚಿಡುತ್ತಿದ್ದಾರೆ ಎಂದು ನೆಂಟರು ತಮ್ಮಲ್ಲೇ ತೀರ್ಮಾನಿಸಿದರು. ಈಗ ದೇವದುರ್ಗದಲ್ಲಿ ಅವರ ಮಿಲ್ಲಿಗೆ ಫಾರಿನ್ ಮಿಲ್ಲು ಎಂದೇ ಹೆಸರು.

೩. ಗದ್ದೆಯಲ್ಲಿ ಕಣ್ಣು ಮುಚ್ಚಿದ್ದು

ಒಂದು ದಿನ ದೂರದ ಗುಡಿಯೊಂದಕ್ಕೆ ಹೊರಟಿದ್ದೆವು. ದಾರಿಯಲ್ಲಿ ಬಲಕ್ಕೆ ನೋಡಿದರೆ ಹಣ್ಣಾದ ಭತ್ತದ ಗದ್ದೆ, ನಡುನಡುವೆ ತಾಳೆಮರ, ಹಿಂದೆ ನೀಲಿ ಗುಡ್ಡ. ಒಂದು ನರಪಿಳ್ಳೆ ಇಲ್ಲ. ಗುಡಿ ಸಿಗದಿದ್ದರೆ ಹೋಯಿತು, ಇದನ್ನೇ ಗೋಡೆಗೆ ಹಾಕೋಣ ಎಂದುಕೊಂಡು ಗಾಡಿ ನಿಲ್ಲಿಸಲು ಹೇಳಿದೆ. ಅದೇ ವ್ಯಾನಿನಲ್ಲಿ ನಮ್ಮ ಜೊತೆ ಬೇರೆ ದೇಶದ ನಾಲ್ಕಾರು ಪ್ರವಾಸಿಗಳೂ ಇದ್ದರು. ಎಲ್ಲರೂ ಇಳಿದರು.

ನಾನು ಕ್ಯಾಮೆರಾ ಸರಿಮಾಡಿಕೊಂಡು ತಲೆಯೆತ್ತುವುದರೊಳಗೆ ಮೂವರು ಸಾಹುಕಾರರು ಗದ್ದೆಯೊಳಗೆ ಹೋಗಿ ಆಗಿತ್ತು. ಪ್ಯಾಂಟು ಮಡಚಿ ಸೊಂಟ ಬಗ್ಗಿಸಿದ್ದರು. ಭತ್ತ ಕಂಡ ಮೇಲೆ ಅವರನ್ನು ಹಿಡಿಯುವವರಿಲ್ಲ. ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಹಲ್ಲಿಗೆ ಹಿಡಿದರು. ಒಳಗೆ ತೇವ ಎಷ್ಟಿದೆ, ಕಾಳು ನುಚ್ಚಾಗುತ್ತದೋ ಇಲ್ಲವೋ ಎಂಬುದನ್ನು ಅವರು ಹಲ್ಲಿನ ಸಪ್ಪಳದಲ್ಲಿ ಹೇಳುತ್ತಾರೆ. ಸಪ್ಪಳ ಕೇಳಲು ಕಣ್ಣು ಮುಚ್ಚಿಕೊಳ್ಳುವುದು ರೂಢಿ. ಮೂವರೂ ಕಣ್ಣು ಮುಚ್ಚಿ, ಬಾಯಲ್ಲಿ ಕಾಳಿಟ್ಟುಕೊಂಡು, ತಲೆ ತಗ್ಗಿಸಿ ನಿಂತರು.

"ಇನ್ನೂ ಹಸಿ ಅದ" ಎಂದರು ಮಾನ್ವಿಯವರು.

"ಎಂಟು ದಿನ ಬಿಸಿಲು ಬೇಕು" ಎಂದರು ದೇವದುರ್ಗದವರು. "ಆದ್ರೂ ನಮ್ಮ ಸೋನಾ ಮಸೂರಿ ಮುಂದ ಇದು ಎಲ್ಲೀದು."

ಹಿಂದೆ ತಿರುಗಿ ನೋಡಿದರೆ ನಮ್ಮ ಗೈಡು ಕೈಕಟ್ಟಿ ನಿಂತಿದ್ದ. ಉಳಿದ ಪ್ರವಾಸಿಗಳಿಗೆ ಮೆಲ್ಲಗೆ ಇಂಗ್ಲಿಷಿನಲ್ಲಿ ಏನೋ ಹೇಳುತ್ತಿದ್ದ. ಅವರೆಲ್ಲ ಒಬ್ಬೊಬ್ಬರಾಗಿ ಟೋಪಿ ತೆಗೆದರು. ಏನು ಹೇಳಿದೆ ಎಂದು ಆಮೇಲೆ ಕೇಳಿದೆ. ಭಾರತದವರು ಬೆಳೆಯ ದೇವರಿಗೆ ಪ್ರಾರ್ಥನೆ ಮಾಡುತ್ತಿದ್ದಾರೆ, ಮುಗಿಯುವ ತನಕ ಫೋಟೋ ತೆಗೆಯಬೇಡಿ ಎಂದು ಹೇಳಿದನಂತೆ.

ನಾನೂ ತೆಗೆಯಲಿಲ್ಲ. ಮುಗಿಯುವಷ್ಟರಲ್ಲಿ ಮೋಡ ಬಂದಿತ್ತು.

೪. ಸ್ವಲ್ಪ ಸರೀರಿ

ದೊಡ್ಡ ಗುಡಿಯ ಒಳಗೆ ಉದ್ದನೆಯ ಪಡಸಾಲೆ, ಕಂಬದ ನೆರಳು ನೆಲದ ಮೇಲೆ ಒಂದರ ಪಕ್ಕ ಒಂದು ಬಿದ್ದಿತ್ತು. ಜನ ಕಡಿಮೆ. ಇದು ಸಿಕ್ಕಿತು ಎಂದು ಗೋಡೆಗೆ ಒರಗಿ ನಿಂತೆ. ಪಡಸಾಲೆಯ ಕೊನೆಗೆ ಲಿಂಗವಿಲ್ಲದ ಖಾಲಿ ಪಾಣಿಪೀಠವೊಂದು ದೇವದುರ್ಗದವರ ಕಣ್ಣಿಗೆ ಬಿತ್ತು. ಪೀಠವಿದ್ದ ಮೇಲೆ ಶಿವ ಇದ್ದಾನೆ ಎಂದು ಅದರ ಮುಂದೆ ಕೂತರು. ಅಕ್ಕಾರಿಂದ ಬ್ಯಾಗು ತರಿಸಿ ವಿಭೂತಿ ತೆಗೆದರು, ಮೂವರೂ ಹಣೆಗೆ ಹಚ್ಚಿಕೊಂಡು ಧ್ಯಾನಕ್ಕೆ ಇಳಿದರು.

ಎಲ್ಲಿದ್ದರೋ ಏನೋ, ಪ್ರವಾಸಿಗಳು ಮುತ್ತಿಕೊಂಡರು. ಅಷ್ಟು ಹೊತ್ತು ಗೋಡೆಯ ಕೆತ್ತನೆ ತೆಗೆಯುತ್ತಿದ್ದ ಕ್ಯಾಮೆರಾಗಳೆಲ್ಲ ನಮ್ಮ ಸಾಹುಕಾರರ ಕಡೆ ತಿರುಗಿದವು. ಅಂಕೋರಿನ ಹಳೆಯ ಕಲ್ಲುಗಳನ್ನು ಯಾರೂ ಕೇಳುವವರಿಲ್ಲ. ನನ್ನಷ್ಟೇ ವಯಸ್ಸಿನ ಒಬ್ಬ ಪರದೇಶದ ಫೋಟೋಗ್ರಾಫರ್ ಬಂದು ನನ್ನ ಹೆಗಲು ತಟ್ಟಿ, ಕೈ ಆಡಿಸಿ, ದಯವಿಟ್ಟು ಸ್ವಲ್ಪ ಸರಿಯಿರಿ, ನೀವು ಅಡ್ಡ ಬರುತ್ತಿದ್ದೀರಿ ಎಂದ.

ಜೀವಮಾನವಿಡೀ ಮದುವೆ ಮಂಟಪಗಳಲ್ಲಿ ಮಂದಿಗೆ ನಾನು ಹೇಳಿಕೊಂಡು ಬಂದ ಮಾತದು. ನನಗೆ ಯಾರೂ ಹೇಳಿರಲಿಲ್ಲ. ಸರಿದೆ. ಒಳಗೊಳಗೇ ಬಹಳ ಕೆಟ್ಟದೆನಿಸಿತು. ಕ್ಯಾಮೆರಾದವರು ನಮ್ಮ ಕಡೆಯ ಬೀಗರಿಗೆ ಏಕೆ ಸೇರುವುದಿಲ್ಲ ಎಂದು ಅವತ್ತು ಗೊತ್ತಾಯಿತು.

೫. ಖಾಲಿ ಫೋಟೋ

ಕೊನೆಯ ದಿನ. ಸೂರ್ಯ ಹುಟ್ಟುವಾಗ ಕೊಳದಲ್ಲಿ ಗೋಪುರಗಳ ನೆರಳು ಬೀಳುವುದನ್ನು ತೆಗೆಯಬೇಕೆಂದು ನಸುಕಿಗೇ ಹೋದೆ. ಸಂತೆಗೆ ಬಂದ ಹಾಗೆ ಜನ ಬಂದಿದ್ದರು. ಎಲ್ಲರ ಕೈಯಲ್ಲೂ ಮೊಬೈಲು. ನನಗೆ ಸಿಕ್ಕಿದ್ದು ಮೊಬೈಲು ಎತ್ತಿದ ಕೈಗಳು, ನಡುವೆ ಒಂದಿಷ್ಟು ಗೋಪುರ. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎನಿಸಿ ಕಣ್ಣಲ್ಲಿ ನೀರೇ ಬಂತು.

ಮಧ್ಯಾಹ್ನದ ಬಿಸಿಲು ಏರಿದಾಗ ಎಲ್ಲರೂ ಊಟಕ್ಕೆ ಹೊರಟರು. ನಮ್ಮ ಬಿಸಿಲು ಕಂಡವನಿಗೆ ಅದೇನು ದೊಡ್ಡದಲ್ಲ. ಮೂವರು ಸಾಹುಕಾರರು ಎಳನೀರು ಕುಡಿಯಲು ಹೊರಗೆ ಹೋದರು. ಬೆಳಗ್ಗೆ ಹೋದದ್ದಂತೂ ಬರುವುದಿಲ್ಲ, ಇನ್ನೊಮ್ಮೆ ನೋಡೋಣವೆಂದು ಕ್ಯಾಮೆರಾ ಒಂದನ್ನೇ ಹಿಡಿದು ಕೊಳದ ದಂಡೆಗೆ ಇಳಿದೆ. ಬ್ಯಾಗಿನ ಭಾರ ಬೇಡವೆಂದು ಅದನ್ನು ಅಲ್ಲೇ ಬಿಟ್ಟಿದ್ದೆ.

ಒಬ್ಬರೂ ಇರಲಿಲ್ಲ. ಗಾಳಿಯೂ ನಿಂತಿತ್ತು. ಗೋಪುರ, ಅದರ ಕೆಳಗೆ ನೀರಿನಲ್ಲಿ ಅದೇ ಗೋಪುರ, ಬದಿಗೆ ಕಲ್ಲುಹಾದಿಯಿಂದ ಇಳಿಯುವ ಹಳೆಯ ಮೆಟ್ಟಿಲು. ಒತ್ತಿದೆ. ಜೀವಕ್ಕೆ ಸಮಾಧಾನವಾಯಿತು.

ಸಾಹುಕಾರರು ಬಂದ ಮೇಲೆ ಕ್ಯಾಮೆರಾದ ಪರದೆಯಲ್ಲಿ ತೋರಿಸಿದೆ. ಮಾನ್ವಿಯವರು ಕನ್ನಡಕ ಏರಿಸಿ ನೋಡಿದರು. "ಇದರಾಗ ಯಾರೂ ಇಲ್ಲಲ್ರೀ. ಖಾಲಿ ಫೋಟೋ ತಗೊಂಡು ಏನ್ ಮಾಡ್ತೀರಿ?" ಎಂದರು. ಸುಮ್ಮನೆ ದುಡ್ಡು ಹಾಕಿ ಇವನನ್ನು ಕರೆತಂದೆವು ಎಂದು ಅವರಿಗೆ ಅನಿಸಿದ್ದು ಮುಖದಲ್ಲಿ ಕಾಣುತ್ತಿತ್ತು.

೬. ಮುರಿದ ಸಿಂಹ

ರಾಯಚೂರಿಗೆ ಬಂದವನೇ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಆ ಗೋಡೆಗೆ ಏರಿಸಿದೆ. ಗಿರಾಕಿಗಳಿಗೆ ನಿಂತು ವಿವರಿಸುವುದೂ ಶುರುವಾಯಿತು. ಎಡಗಡೆ ಮೆಟ್ಟಿಲ ಮೇಲೆ ಕಂದು ಬಣ್ಣದ್ದೊಂದು ಉಂಡೆ ಕಾಣುತ್ತಿತ್ತು. ಅಲ್ಲಿನ ಮೆಟ್ಟಿಲುಗಳಿಗೆಲ್ಲ ಕಾವಲಿಗೆ ಕಲ್ಲಿನ ಸಿಂಹ ಇರುತ್ತವೆ, ಎಷ್ಟೋ ಮುರಿದಿವೆ. "ಇದು ನೋಡ್ರಿ, ಮುರದ ಸಿಂಹ. ಇದು ಇರೋದ್ರಿಂದನ ಫೋಟೋಕ್ಕ ತೂಕ ಬಂದದ" ಎನ್ನುತ್ತಿದ್ದೆ. ಕೇಳಿದವರು ತಲೆಯಾಡಿಸುತ್ತಿದ್ದರು.

ಒಂದು ದಿನ ಅಕ್ಕಾರು ಆಲ್ಬಂ ಒಯ್ಯಲು ಬಂದರು. ಕೂತು ಒಂದೊಂದೇ ಹಾಳೆ ತಿರುವಿದರು. ಗಂಡ, ದೇವದುರ್ಗದವರು, ರಾಯಚೂರಿನವರು, ಹುಲ್ಲಿನ ಟೋಪಿಯವರು. ಮತ್ತೆ ಅವರೇ. ಮತ್ತೆ ಅವರೇ. ಕೊನೆಯ ಹಾಳೆ ಮುಚ್ಚಿ, "ನಾ ಎಲ್ಲೂ ಇಲ್ಲಲ್ರೀ" ಎಂದರು. ಸಿಟ್ಟಿನಿಂದಲ್ಲ, ಡಬ್ಬಿಯಲ್ಲಿ ಸಕ್ಕರೆ ಮುಗಿದಿದೆ ಎನ್ನುವಷ್ಟು ಸಲೀಸಾಗಿ.

ನಾನು ಆಲ್ಬಂ ಎಳೆದುಕೊಂಡು ಮೊದಲಿಂದ ಮತ್ತೊಮ್ಮೆ ತಿರುವಿದೆ.

"ಮೂರು ಮಂದಿ ಆಗ್ತಾರಂತ ಅಂವ ಯಾರೋ ಪರದೇಶದಂವನ್ನ ಎಲ್ಲಾ ಗುಡ್ಯಾಗೂ ಹುಡುಕಿ ಹಿಡಕೊಂಡು ಬಂದ್ರಿ. ನಾ ಅಲ್ಲೇ ಕುಂತಿದ್ದೆ" ಎಂದರು ಅಕ್ಕಾರು.

ಅಲ್ಲೇ ಕೂತಿದ್ದರು. ನಾಲ್ಕು ಜನ ಗಂಡಸರು, ಎಂಟು ಕಣ್ಣು, ಒಬ್ಬರಿಗೂ ಹೊಳೆದಿರಲಿಲ್ಲ. ನನಗೆ ನಾಚಿಕೆಯಾಯಿತು. ಟೀ ತರಿಸಲೇ ಎಂದೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ, ಎದ್ದು ಗೋಡೆಯ ಫೋಟೋದ ಹತ್ತಿರ ಹೋಗಿ ನಿಂತಿದ್ದರು.

"ಇದು ಚಲೋ ಬಂದದ ನೋಡ್ರಿ" ಎಂದರು.

ನನಗೆ ಜೀವ ಬಂದಂತಾಯಿತು. "ಹೌದ್ರಿ ಅಕ್ಕಾರ. ಯಾರೂ ಇಲ್ಲದ್ದು ಒಂದ ಒಂದು ಸಿಕ್ತು."

"ಯಾರೂ ಇಲ್ಲಂದ್ರ ಹೆಂಗ? ಇಲ್ಲಿ ನಾ ಕುಂತೀನಲ್ರೀ" ಎಂದು ಮುರಿದ ಸಿಂಹದ ಮೇಲೆ ಬೆರಳಿಟ್ಟರು.

ಕನ್ನಡಕ ಹಾಕಿಕೊಂಡು ಹೋಗಿ ನೋಡಿದೆ. ಕಂದು ಸೀರೆ. ಬಿಸಿಲಿಗೆ ತಲೆಯ ಮೇಲೆ ಎಳೆದುಕೊಂಡ ಸೆರಗು. ಸುತ್ತ ಚೀಲಗಳು.

"ಈ ಕೆಂಪು ಬೆಲ್ಟಿಂದು ನಿಮ್ದ ಬ್ಯಾಗ್. ಇದನ್ನ ನೋಡ್ಕೋರಿ ಅಂತ ನನ್ನ ಕೈಯಾಗ ಕೊಟ್ಟು, ನೀವು ಕೊಳದ ಕಡಿ ಹೋದ್ರಿ" ಎಂದರು.

ಇಷ್ಟು ದಿನ ಊರಿನ ಜನಕ್ಕೆಲ್ಲ ಅವರನ್ನು ಸಿಂಹವೆಂದು ತೋರಿಸಿದ್ದನ್ನು ಹೇಳಿಬಿಟ್ಟೆ. ಅಕ್ಕಾರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಇಂಥದೇ ಒಂದು ತಮಗೂ ಬೇಕೆಂದರು. ಕಂಪ್ಯೂಟರಿನಲ್ಲಿ ಅವರನ್ನು ಹತ್ತಿರಕ್ಕೆ ತಂದು ದೊಡ್ಡದಾಗಿ ಮಾಡಿಕೊಡಲೇ ಎಂದು ಕೇಳಿದೆ.

"ಬ್ಯಾಡ್ರಿ, ಹಿಂಗ ಇರ್ಲಿ. ಗುಡಿ ಪೂರಾ ಬರ್ಲಿ. ಅವತ್ತು ಅದಕ್ಕ ಬೆನ್ನು ಮಾಡಿ ಕುಂತಿದ್ದೆ, ನೋಡೇ ಇಲ್ಲ. ಈಗ ಮನ್ಯಾಗ ಕುಂತು ನೋಡ್ತೀನಿ."

ಕೆಲವು ತಿಂಗಳಾದ ಮೇಲೆ ಮಾನ್ವಿಯ ಅವರ ಮನೆಯಲ್ಲಿ ಮೊಮ್ಮಗಳ ತೊಟ್ಟಿಲು. ಫೋಟೋಕ್ಕೆ ನಾನೇ ಹೋಗಿದ್ದೆ. ಪಡಸಾಲೆಯ ಗೋಡೆಗೆ ಆ ಫೋಟೋ ಹಾಕಿದ್ದರು. ದೇವದುರ್ಗದವರೂ ರಾಯಚೂರಿನವರೂ ಬಂದಿದ್ದರು. ಮಾನ್ವಿಯ ಸಾಹುಕಾರರು ಬೀಗರಿಗೆ ಪ್ರವಾಸದ ಆಲ್ಬಂ ತೋರಿಸಿ ಮುಗಿಸಿ, ಗೋಡೆಯ ಕಡೆ ಕೈ ಮಾಡಿದರು.

"ಇದೊಂದು ಖಾಲಿ ಫೋಟೋ. ಯಾರೂ ಇಲ್ಲ ಇದರಾಗ. ನಮ್ಮಾಕಿ ಯಾಕ ತಂದು ಹಾಕ್ಯಾಳೋ ಗೊತ್ತಿಲ್ಲ."

ಅಕ್ಕಾರು ಟೀ ಕೊಡುತ್ತಿದ್ದವರು ನನ್ನ ಮುಖ ನೋಡಿದರು. ನಾನು ಕ್ಯಾಮೆರಾ ಒರೆಸತೊಡಗಿದೆ.

"ಹತ್ರ ಹೋಗಿ ನೋಡ್ರಿ" ಎಂದರು ಗಂಡನಿಗೆ. "ಎಡಕ್ಕ, ಮೆಟ್ಟಲ ಮ್ಯಾಲ."

ಸಾಹುಕಾರರು ಎದ್ದು ಹೋದರು. ಕನ್ನಡಕ ಏರಿಸಿದರು, ಇಳಿಸಿದರು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವರ ಮುಖ ಅರಳಿತು. ಕೈಬೀಸಿ ಗೆಳೆಯರಿಬ್ಬರನ್ನೂ ಕರೆದರು.

"ಇಲ್ಲಿ ಬರ್ರಲೇ, ಇಲ್ಲಿ ನೋಡ್ರಿ. ನಮ್ಮ ಬ್ಯಾಗ್ ಬಂದಾವ."

ಮೂವರೂ ತಲೆ ಕೂಡಿಸಿ ನೋಡಿದರು. ಇದು ನನ್ನದು, ಅದು ನಿನ್ನದು, ಆ ಕೆಂಪು ಬೆಲ್ಟಿನದು ಸ್ಟುಡಿಯೋದವರದು ಎಂದು ಒಂದೊಂದನ್ನೂ ಗುರುತು ಹಿಡಿದರು. ರೊಟ್ಟಿಯ ಡಬ್ಬಿಯೂ ಸಿಕ್ಕಿತು. ಎಲ್ಲ ಗುರುತಿಸಿ ಮುಗಿದ ಮೇಲೆ ಮಾನ್ವಿಯವರಿಗೆ ಏನೋ ಅನುಮಾನ ಬಂತು. ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು.

"ಅಲ್ರೀ ಸ್ಟುಡಿಯೋದವ್ರ, ಇಷ್ಟೆಲ್ಲಾ ಬ್ಯಾಗ್ ನಾವು ಅಲ್ಲಿ ಯಾರ ಹತ್ರ ಬಿಟ್ಟು ಹೋಗಿದ್ವಿ?"